ಮಾರ್ಕು ಬರೆದಿಟ್ಟು ಎಂತ ಮಾಡುವುದು? ಕನ್ನಡ ಕ್ಲಾಸಿನ ಲೆಕ್ಕದ ಬಗ್ಗೆ ಒಂದು ಪ್ರಶ್ನೆ

ಗುಡ್ಡೆಶಾಲೆ ಟೀಚರ್ · ಶುಕ್ರವಾರ ರಾತ್ರಿ 9:20

ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನವಳು. 14 ವರ್ಷ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಅಂದರೆ ಎಲ್‌ಪಿಯಲ್ಲಿ ಕನ್ನಡ ಕಲಿಸಿದ್ದೇನೆ. ಈಗ ಎರಡು ವರ್ಷದಿಂದ ಬೇರೆ ಕೆಲಸ. ಸುತ್ತಲಿನ ಶಾಲೆಗಳಿಗೆ ಹೋಗಿ ಅಲ್ಲಿನ ಕನ್ನಡ ಟೀಚರ್‌ಗಳ ಜೊತೆ ಕೂತು, ಲ್ಯಾಪ್‌ಟಾಪು, ಮೊಬೈಲು, ಮಕ್ಕಳ ಕಲಿಕೆಯ ದಾಖಲೆ ಇವನ್ನೆಲ್ಲ ಕ್ಲಾಸಿನಲ್ಲಿ ಹೇಗೆ ಉಪಯೋಗಿಸುವುದು ಅಂತ ತೋರಿಸಬೇಕು. ಆರ್‌ಪಿ (ರಿಸೋರ್ಸ್ ಪರ್ಸನ್) ಅಂತಾರೆ, ಮೆಂಟರ್ ಅಂತಾರೆ. ನಾನು ಹೊರಟ ಮೇಲೆ ಸ್ಟಾಫ್ ರೂಮಿನಲ್ಲಿ ಎಂತ ಅಂತಾರೋ ಗೊತ್ತಿಲ್ಲ.

ನನ್ನದೇ ಒಂದು ಎಡವಟ್ಟು ಹೇಳಿ ಆಮೇಲೆ ಪ್ರಶ್ನೆ ಕೇಳುತ್ತೇನೆ.

ಕಳೆದ ಜೂನಿನಲ್ಲಿ ಒಂದು ದಿನದ ತರಬೇತಿ ಕೊಟ್ಟೆ. ಪ್ರೊಜೆಕ್ಟರ್ ಇತ್ತು, ಚಾ ಇತ್ತು, ಪಳಂಪೊರಿ (ಬಾಳೆಹಣ್ಣಿನ ಪೋಡಿ) ಇತ್ತು. ಕ್ಯಾಲ್ಕ್‌ನಲ್ಲಿ (ಎಕ್ಸೆಲ್ ತರಹದ್ದು) ಒಂದು ಚಂದದ ಶೀಟು ಮಾಡಿದ್ದೆ. 14 ಕಾಲಂ. ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು, ಒಂದೊಂದರಲ್ಲೂ ಎ, ಬಿ, ಸಿ. ಎ ಹಾಕಿದರೆ ಹಸಿರು, ಸಿ ಹಾಕಿದರೆ ಕೆಂಪು ತನ್ನಿಂದ ತಾನೇ ಬರುತ್ತದೆ. ಬಣ್ಣ ಬಂದಾಗ ಎಲ್ಲರೂ “ಓ” ಅಂದರು. ಆ ದಿನ ಖುಷಿಯಲ್ಲಿ ಮನೆಗೆ ಬಂದೆ.

ಓಣಂ ಪರೀಕ್ಷೆ ಕಳೆದು ಒಂದು ಶಾಲೆಗೆ ಹೋದೆ. ಮೂರನೇ ಕ್ಲಾಸು, 24 ಮಕ್ಕಳು. ಟೀಚರ್ ಲ್ಯಾಪ್‌ಟಾಪ್ ತೆರೆದು ತೋರಿಸಿದರು. ಒಂದು ಮನೆಯೂ ಖಾಲಿ ಇಲ್ಲ. ಹಸಿರೋ ಹಸಿರು. “ಇದನ್ನು ನೋಡಿ ನಾಳೆ ಕ್ಲಾಸಿನಲ್ಲಿ ಎಂತ ಬದಲು ಮಾಡ್ತೀರಿ ಟೀಚರೇ?” ಅಂತ ಕೇಳಿದೆ. ಪಾಪ, ಅವರು ಸುಳ್ಳು ಹೇಳುವವರಲ್ಲ. “ನೀವು ಬರ್ತೀರಿ ಅಂತ ನಿನ್ನೆ ರಾತ್ರಿ ಕೂತು ತುಂಬಿಸಿದ್ದು” ಅಂದರು.

ಇಬ್ಬರೂ ನಕ್ಕೆವು. ಆಮೇಲೆ ನಾನು ಕ್ಲಾಸಿಗೆ ಹೋಗಿ ಎರಡನೇ ಬೆಂಚಿನ ಹುಡುಗಿಯ ಪಕ್ಕ ಕೂತೆ. ಪಾಠದಲ್ಲಿ ‘ವರ್ಷ’ ಅಂತ ಇತ್ತು. ಅವಳು ಬೆರಳಿಟ್ಟು ‘ವ... ಷ... ರ’ ಅಂತ ಓದಿದಳು. ಮುಂದಿನ ಸಾಲಿನಲ್ಲಿ ‘ಸೂರ್ಯ’. ಅಲ್ಲಿಯೂ ಅದೇ, ‘ಸೂ... ಯ... ರ’. ಶೀಟಿನಲ್ಲಿ ಅವಳ ಓದಿಗೆ ಎ ಇತ್ತು.

ಆ ಹುಡುಗಿಗೆ ಓದಲು ಬರುವುದಿಲ್ಲ ಅಂತಲ್ಲ. ಅರ್ಕಾವತ್ತು ಒಂದು ಗೊತ್ತಿಲ್ಲ. ಮೂರು ದಿನದ ಕೆಲಸ ಅದು. ನನ್ನ 14 ಕಾಲಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ!

ಪ್ರಶ್ನೆ ಇಷ್ಟೇ. ನಿಮ್ಮ ಕನ್ನಡ ಕ್ಲಾಸಿನಲ್ಲಿ ನೀವು ಎಂತ ಬರೆದಿಡುತ್ತೀರಿ? ಬರೆದದ್ದನ್ನು ಮತ್ತೆ ತೆರೆದು ನೋಡಿದ್ದುಂಟಾ?

ಕೆಂಪು ಶಾಯಿ · ಶುಕ್ರವಾರ ರಾತ್ರಿ 9:48

ನಾನು ನಿವೃತ್ತಿಯಾಗಿ ಒಂಬತ್ತು ವರ್ಷ. ನಮ್ಮ ಕಾಲದಲ್ಲಿ ಲ್ಯಾಪ್‌ಟಾಪಿನಲ್ಲಿ ಎಂತದ್ದೂ ಇರಲಿಲ್ಲ. ಮಕ್ಕಳ ಕಾಪಿ ಪುಸ್ತಕ, ಕೆಂಪು ಶಾಯಿ ಅಷ್ಟೇ. ಯಾವ ಹುಡುಗ ಎಲ್ಲಿ ತಪ್ಪುತ್ತಾನೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆವು. ಈಗ ಟೀಚರ್‌ಗಳು ಮಕ್ಕಳ ಮುಖ ಬಿಟ್ಟು ಸ್ಕ್ರೀನ್ ನೋಡುತ್ತಾರೆ. ನಿಮ್ಮ ಕಥೆಯೇ ಅದಕ್ಕೆ ಸಾಕ್ಷಿ ಅಲ್ವಾ ಟೀಚರೇ?

ಕುಂಬಳೆ ಲಿನಕ್ಸ್ · ಶುಕ್ರವಾರ ರಾತ್ರಿ 10:05

ಮಾಷ್ಟ್ರೇ, ನೀವು ಹೇಳಿದಿರಿ, ಒಪ್ಪಿದೆ. ಆದರೆ ನೀವು ನಿವೃತ್ತರಾದ ದಿನ ಆ ಲೆಕ್ಕವೂ ನಿಮ್ಮ ಜೊತೆಯೇ ಮನೆಗೆ ಹೋಯಿತು. ನಿಮ್ಮ ನಂತರ ಬಂದವರು ಸೊನ್ನೆಯಿಂದ ಶುರು ಮಾಡಿರುತ್ತಾರೆ.

ನಾನು ಹೈಸ್ಕೂಲಿನವನು. ಮಕ್ಕಳ ಐಟಿ ಕ್ಲಬ್ ಲಿಟಲ್ ಕೈಟ್ಸ್ ಕೂಡ ನೋಡಿಕೊಳ್ಳುತ್ತೇನೆ. ಕೇರಳದಲ್ಲಿ ಸಲಕರಣೆಗೆ ಬರ ಅಂತ ಹೇಳಲಿಕ್ಕಾಗದು. ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಐಟಿ@ಸ್ಕೂಲ್ ಇದ್ದದ್ದು 2017ರಲ್ಲಿ ಕೈಟ್ ಆಯಿತು. ಹೈಟೆಕ್ ಯೋಜನೆಯಲ್ಲಿ 45,000 ಕ್ಲಾಸುಗಳಿಗೆ ಪ್ರೊಜೆಕ್ಟರು, ಲ್ಯಾಪ್‌ಟಾಪು ಬಂತು. ಮಕ್ಕಳ ಸೇರ್ಪಡೆ, ಟಿಸಿಗೆಲ್ಲ ‘ಸಂಪೂರ್ಣ’ ಪೋರ್ಟಲ್ ಉಂಟು. ಪಾಠದ ಸಾಮಗ್ರಿಗೆ ‘ಸಮಗ್ರ’ ಪೋರ್ಟಲ್ ಉಂಟು. 2020ರ ಜೂನ್ 1ಕ್ಕೆ ಕೊರೊನಾ ಕಾಲದ ಟಿವಿ ಪಾಠ ಫಸ್ಟ್ ಬೆಲ್ ಶುರುವಾದಾಗ ಟಿವಿ ಇಲ್ಲದ ಮನೆಗಳಿಗೂ ಹೇಗೋ ಪಾಠ ಮುಟ್ಟಿತು. ಇಷ್ಟೆಲ್ಲ ಇದ್ದೂ ಎಂಟನೇ ಕ್ಲಾಸಿಗೆ ಬರುವ ಹುಡುಗ ‘ಕರ್ತವ್ಯ’ ಓದಲು ತಡವರಿಸುತ್ತಾನೆ.

2024-25ರಿಂದ ಎಂಟನೆಯಲ್ಲಿ ಪ್ರತಿ ವಿಷಯದ ಬರವಣಿಗೆ ಪರೀಕ್ಷೆಗೆ ಕನಿಷ್ಠ 30 ಶೇಕಡಾ ಬಂತಲ್ಲ. ಅಂದಿನಿಂದ ವರ್ಷದ ಕೊನೆಗೆ ಒಂದು ಗಡಿಬಿಡಿ. ಯಾರು 30ರ ಕೆಳಗೆ ಅಂತ ಪಟ್ಟಿ ಮಾಡುತ್ತೇವೆ. ಯಾಕೆ ಕೆಳಗೆ ಅಂತ ಪಟ್ಟಿಯಲ್ಲಿ ಇರುವುದಿಲ್ಲ. 11 ಮಾರ್ಕು ಬಂದ ಇಬ್ಬರು ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಒಂದೇ ಪರಿಹಾರ ಬೋಧನೆ. ಒಬ್ಬನಿಗೆ ಓದಲು ಕಷ್ಟ. ಇನ್ನೊಬ್ಬ ಸರಾಗ ಓದುತ್ತಾನೆ, ಬರೆಯುವುದು ಉದಾಸೀನ. ಇಬ್ಬರಿಗೂ ಒಂದೇ ಮದ್ದು!

ಚಂದ್ರಗಿರಿ ಆಚೆ · ಶನಿವಾರ ಬೆಳಿಗ್ಗೆ 6:30

ಅರ್ಕಾವತ್ತಿನ ವಿಷಯ ಓದಿ ರಾತ್ರಿಯೇ ಬರೆಯಬೇಕು ಅನಿಸಿತು, ಕರೆಂಟ್ ಹೋಯಿತು, ರೇಂಜೂ ಹೋಯಿತು.

ನನ್ನ ಮನೆಮಾತು ಮಲಯಾಳ. ಕನ್ನಡ ಕಲಿತದ್ದು ಶಾಲೆಯಲ್ಲಿ, ಈಗ ಕಲಿಸುವುದೂ ಕನ್ನಡ. ಆ ಹುಡುಗಿಯ ಮನೆಮಾತು ಯಾವುದು ಟೀಚರೇ? ಮಲಯಾಳ ಆಗಿದ್ದರೆ ನನಗೆ ಕಾರಣ ಗೊತ್ತುಂಟು. ಮಲಯಾಳದಲ್ಲಿ ‘ವರ್ಷಂ’ ಬರೆಯುವಾಗ ಅರ್ಧ ರಕಾರ ಹೇಳುವ ಜಾಗದಲ್ಲಿಯೇ ಬರುತ್ತದೆ. ವ, ಆಮೇಲೆ ರ್, ಆಮೇಲೆ ಷ. ಕನ್ನಡದಲ್ಲಿ ಷ ಬರೆದು ಅದರ ಬೆನ್ನ ಹಿಂದೆ ಅರ್ಕಾವತ್ತು ಹಾಕುತ್ತೇವೆ. ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ಎಲ್ಲ ಮಲಯಾಳದಲ್ಲಿ ಓದುವ ಮಗುವಿಗೆ ಇದು ತಲೆಕೆಳಗು. ಅವಳು ಕಣ್ಣಿಗೆ ಕಂಡ ಹಾಗೆಯೇ ಸರಿಯಾಗಿ ಓದಿದ್ದಾಳೆ ನೋಡಿ.

ಎತ್ವದ್ದು ಇನ್ನೊಂದು. ಮಲಯಾಳದಲ್ಲಿ ‘ಕೆ’ ಬರೆಯಬೇಕಾದರೆ ಎಕಾರದ ಗುರುತು ಮೊದಲು, ಕ ಆಮೇಲೆ. ಕನ್ನಡದಲ್ಲಿ ತಲೆಯ ಮೇಲೆ.

ಬರವಣಿಗೆಯಲ್ಲಿ ನಾನು ಅತಿ ಜಾಸ್ತಿ ಕಾಣುವುದು ಕ್ರಿಯಾಪದ. ‘ಅವಳು ಬಂದ’, ‘ಅವರು ಬಂದ’. ಕನ್ನಡ ಮನೆಯ ಟೀಚರ್‌ಗಳು ಇದನ್ನು ಕಂಡು “ಇಷ್ಟೂ ಗೊತ್ತಿಲ್ವಾ” ಅಂತ ಬೈಯುತ್ತಾರೆ. ಮಲಯಾಳದಲ್ಲಿ ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಮೂರಕ್ಕೂ ಒಂದೇ ‘ವನ್ನು’. ಮಗುವಿಗೆ ಬಾಲ ಬದಲಾಗುತ್ತದೆ ಎನ್ನುವುದೇ ಹೊಸ ಸುದ್ದಿ. ನಾನೇ ಐದನೇ ಕ್ಲಾಸಿನವರೆಗೆ ಹಾಗೆ ಬರೆದು ಪೆಟ್ಟು ತಿಂದಿದ್ದೇನೆ.

ಗುಡ್ಡೆಶಾಲೆ ಟೀಚರ್ · ಶನಿವಾರ ಬೆಳಿಗ್ಗೆ 7:15

ಹೌದು ಟೀಚರೇ, ಮಲಯಾಳ ಮನೆ. ಆ ದಿನ ನಾನು ಅದನ್ನು ಕೇಳಲೇ ಇಲ್ಲ. ಶೀಟಿನಲ್ಲಿ ಮನೆಮಾತಿನ ಕಾಲಂ ಕೂಡ ಇರಲಿಲ್ಲ. ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಹೇಳುತ್ತೇವೆ, ಶೀಟು ಮಾಡುವಾಗ ಎಲ್ಲ ಮಕ್ಕಳೂ ಒಂದೇ.

ನನ್ನ ಅನುಭವದಲ್ಲಿ ತುಳು ಮನೆಯ ಮಕ್ಕಳು ಕ್ರಿಯಾಪದದಲ್ಲಿ ಅಷ್ಟು ತಪ್ಪುವುದಿಲ್ಲ. ಅವರಿಗೆ ಮಹಾಪ್ರಾಣ ಕಷ್ಟ. ‘ಧನವಂತ’ ಹೋಗಿ ‘ದನವಂತ’ ಆಗುತ್ತಾನೆ. ಅದಕ್ಕೆ ಕ್ಲಾಸೆಲ್ಲ ನಗುತ್ತದೆ, ಬರೆದವನೂ ನಗುತ್ತಾನೆ, ತಪ್ಪು ಮಾತ್ರ ಹಾಗೆಯೇ ಇರುತ್ತದೆ.

ತಾಳವಾಡಿ ಗುಡ್ಡ · ಶನಿವಾರ ಬೆಳಿಗ್ಗೆ 8:40

ಈರೋಡ್ ಜಿಲ್ಲೆಯ ತಾಳವಾಡಿಯಿಂದ. ನಮ್ಮ ಮಕ್ಕಳದ್ದು ಬೇರೆ ಕಥೆ. ಕ, ಗ ಅದಲು ಬದಲು. ತ, ದ ಅದಲು ಬದಲು. ‘ಗಿಡ’ಕ್ಕೆ ‘ಕಿಡ’ ಬರೆಯುತ್ತಾರೆ. ತಮಿಳು ಅಕ್ಷರದಲ್ಲಿ ಎರಡಕ್ಕೂ ಒಂದೇ ಗುರುತು ತಾನೇ. ಮಹಾಪ್ರಾಣದ ಮಾತೇ ಬೇಡ.

ತಮಿಳುನಾಡಿನಲ್ಲಿ 2022ರಿಂದ ‘ಎಣ್ಣುಂ ಎಳುತ್ತುಂ’ (ಸಂಖ್ಯೆಯೂ ಅಕ್ಷರವೂ) ಎಂಬ ಯೋಜನೆ ಇದೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನು ಅರುಂಬು, ಮೊಟ್ಟು, ಮಲರ್, ಅಂದರೆ ಎಳೆಮೊಗ್ಗು, ಮೊಗ್ಗು, ಹೂವು ಅಂತ ಮೂರು ಮಟ್ಟಕ್ಕೆ ವಿಂಗಡಿಸುವುದು. ಹೆಸರು ಚೆನ್ನಾಗಿದೆ, ಯಾರಿಗೂ ದಡ್ಡ ಅಂತ ಹಣೆಪಟ್ಟಿ ಇಲ್ಲ. ಮಟ್ಟ ನೋಡಿ ಕೆಲಸ ಕೊಡುವುದು ಒಳ್ಳೆಯದೇ. ಆದರೆ ‘ಕಿಡ’ ಬರೆಯುವ ಮಗು ಮೊಗ್ಗೋ ಹೂವೋ ಎಂದರೆ ನನಗೆ ಕೆಲಸ ಗೊತ್ತಾಗುವುದಿಲ್ಲ. ಕ ಮತ್ತು ಗ ಬೇರೆ ಅಂತ ಕಿವಿಗೆ ಕೇಳಿಸಬೇಕು. ಅಂಗೈಯನ್ನು ಗಂಟಲಿಗೆ ಇಟ್ಟು ‘ಗ’ ಹೇಳಿಸುತ್ತೇನೆ. ಗಂಟಲು ನಡುಗಿದರೆ ಗ. ಇದಕ್ಕೆ ಯಾವ ಟ್ಯಾಬೂ ಬೇಡ.

ಜತ್ತ ಗುರುಜಿ · ಶನಿವಾರ ಬೆಳಿಗ್ಗೆ 9:10

ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು, ಜಿಲ್ಲಾ ಪರಿಷತ್ ಕನ್ನಡ ಶಾಲೆ. ನಮ್ಮ ಕಡೆ ತಪ್ಪು ಎ ಏ, ಒ ಓ. ಮರಾಠಿಯಲ್ಲಿ ಎಕಾರ ಒಂದೇ, ಓಕಾರ ಒಂದೇ. ಹಾಗಾಗಿ ‘ಬೆಳೆ’ ಮತ್ತು ‘ಬೇಳೆ’ ಮಕ್ಕಳಿಗೆ ಒಂದೇ. ಹೊಲದಲ್ಲಿ ಬೇಳೆ ಬಂದಿದೆ ಅಂತ ಬರೆಯುತ್ತಾರೆ. ತೊಗರಿ ಇದ್ದವರಿಗೆ ಅದೂ ಸರಿಯೇ ಬಿಡಿ!

ಡೇಟಾ ಅಂದರೆ ನಮಗೆ ಹೊಟ್ಟೆಯಲ್ಲಿ ಸಂಕಟ. ಸರಳ್ ಪೋರ್ಟಲ್ ಒಂದು, ಯುಡೈಸ್ ಒಂದು, ಅದರ ಮೇಲೆ ವಾಟ್ಸಾಪ್‌ನಲ್ಲಿ “ಇವತ್ತು ಸಂಜೆಯೊಳಗೆ” ಅಂತ ಇನ್ನೊಂದು ಶೀಟು. ಪೋರ್ಟಲ್ ಹೆಸರು ಮಾತ್ರ ಸರಳ. ಎಲ್ಲ ಮೇಲಕ್ಕೆ ಹೋಗುವ ಮಾಹಿತಿ. ಮೇಲಿನಿಂದ ಕೆಳಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ನಮ್ಮದು ಇಬ್ಬರು ಶಿಕ್ಷಕರ ಶಾಲೆ. ಟೀಚರೇ, ನೀವು ಇನ್ನೊಂದು ಶೀಟು ತಂದರೆ ನಾನೂ ರಾತ್ರಿ ಕೂತೇ ತುಂಬಿಸುತ್ತೇನೆ.

ರಾಯದುರ್ಗದ ಓದುಗ · ಶನಿವಾರ ಬೆಳಿಗ್ಗೆ 9:32

ಆಂಧ್ರದ ನಮ್ಮ ಕಡೆ ತೆಲುಗು ಮನೆಯ ಮಕ್ಕಳು ‘ಅಕ್ಕ ಬಂತು’ ಅಂತ ಬರೆಯುತ್ತಾರೆ. ತೆಲುಗಿನಲ್ಲಿ ಅವಳಿಗೂ ಅದಕ್ಕೂ ಒಂದೇ ಕ್ರಿಯಾಪದ. ಅಕ್ಕಂದಿರು ಮಾತ್ರ ಸಿಟ್ಟಾಗುತ್ತಾರೆ.

ಕೆಂಪು ಶಾಯಿ · ಶನಿವಾರ ಬೆಳಿಗ್ಗೆ 10:00

ಇದು ಚೆನ್ನಾಗಿದೆ. ಗಡಿ ಗಡಿಗೆ ಬೇರೆ ಬೇರೆ ತಪ್ಪು. ನಾನು ಇಷ್ಟು ವರ್ಷ ಎಲ್ಲ ತಪ್ಪಿಗೂ ಒಂದೇ ಕೆಂಪು ಗೆರೆ ಎಳೆದಿದ್ದೇನೆ.

ಹೊಸ ಟೀಚರ್ · ಶನಿವಾರ ಮಧ್ಯಾಹ್ನ 1:15

ನಾನು ದಿನವೇತನದ ಮೇಲೆ ಈ ವರ್ಷ ಸೇರಿದವಳು, ಎರಡನೇ ಕ್ಲಾಸು. ಒಂದು ಡೌಟು. ಮೊಬೈಲಿನಲ್ಲಿ ವಾಯ್ಸ್ ಟೈಪಿಂಗ್ ಉಂಟಲ್ಲ, ಮಗು ಓದಲಿ, ಮೊಬೈಲು ತಾನೇ ಬರೆಯಲಿ. ತಪ್ಪು ಓದಿದರೆ ತಪ್ಪು ಬರುತ್ತದೆ. ನಾವು ಎಣಿಸಿದರೆ ಸಾಕು. ಹೀಗೆ ಮಾಡಬಹುದಾ? ಮತ್ತೆ, ಮೂರನೇ ಕ್ಲಾಸಿಗೆ ನಿಮಿಷಕ್ಕೆ 60 ಪದ ಅಂತ ಕೇಂದ್ರದ ಓದು-ಲೆಕ್ಕದ ಯೋಜನೆ ನಿಪುಣ್ ಭಾರತ್‌ನಲ್ಲಿ ಓದಿದೆ. ನನ್ನ ಮಕ್ಕಳು ಮುಂದಿನ ವರ್ಷ ಅಲ್ಲಿಗೆ ಮುಟ್ಟುವುದೇ ಕಾಣುವುದಿಲ್ಲ, ಹೆದರಿಕೆ ಆಗ್ತದೆ.

ಕುಂಬಳೆ ಲಿನಕ್ಸ್ · ಶನಿವಾರ ಮಧ್ಯಾಹ್ನ 2:02

ವಾಯ್ಸ್ ಟೈಪಿಂಗ್‌ನಿಂದ ಓದು ಅಳೆಯಬೇಡಿ ಟೀಚರೇ. ನಾನು ಅದರಲ್ಲಿ ಬಿದ್ದು ಎದ್ದವನು. ಅದು ಕೇಳಿದ್ದನ್ನು ಹಾಗೆಯೇ ಬರೆಯುವ ಯಂತ್ರ ಅಲ್ಲ. ಅಕ್ಕಪಕ್ಕದ ಪದ ನೋಡಿ, ಇಲ್ಲಿ ಯಾವ ಪದ ಬರಬಹುದು ಅಂತ ಊಹಿಸುತ್ತದೆ. ನನ್ನ ಹುಡುಗ ‘ಬಾರತ ದೇಶ’ ಅಂದ, ಮೊಬೈಲು ಚಂದಕ್ಕೆ ‘ಭಾರತ ದೇಶ’ ಅಂತ ಬರೆಯಿತು. ನಮಗೆ ಬೇಕಾದ ತಪ್ಪನ್ನೇ ಅದು ತಿದ್ದಿ ಮುಚ್ಚಿಡುತ್ತದೆ. ಇನ್ನೊಬ್ಬಳು ಸರಿಯಾಗಿಯೇ ಓದಿದಳು, ಮೆಲ್ಲ ಸ್ವರ, ಹೊರಗೆ ಮಳೆ. ಮೊಬೈಲು ಬೇರೆ ಎಂತದೋ ಬರೆಯಿತು. ಮಗು ತನ್ನದೇ ತಪ್ಪು ಅಂತ ತಲೆ ತಗ್ಗಿಸಿತು.

ಅದನ್ನು ಬರೆಯುವ ಕ್ಲಾಸಿನಲ್ಲಿ ಉಪಯೋಗಿಸಿ. ಮಗು ಒಂದು ಕಥೆ ಹೇಳಲಿ, ಮೊಬೈಲು ಬರೆಯಲಿ. ಆ ಬರಹವನ್ನು ಪ್ರೊಜೆಕ್ಟರಿನಲ್ಲಿ ಹಾಕಿ, ಮೊಬೈಲು ಮಾಡಿದ ತಪ್ಪು ಹುಡುಕಿ ಅಂತ ಹೇಳಿ. ಯಂತ್ರದ ತಪ್ಪು ಹಿಡಿಯುವಾಗ ಮಕ್ಕಳಿಗೆ ಇರುವ ಖುಷಿ ನೋಡಬೇಕು! ನನ್ನ ಎಂಟನೆಯವರು ಒಂದು ಪೀರಿಯಡ್‌ನಲ್ಲಿ 12 ತಪ್ಪು ಹಿಡಿದರು, ಅದರಲ್ಲಿ ಮೂರು ತಪ್ಪೇ ಅಲ್ಲ. ಆ ಮೂರರ ಬಗ್ಗೆ ಆದ ಜಗಳವೇ ಒಳ್ಳೆಯ ವ್ಯಾಕರಣ ಪಾಠ.

60 ಪದದ್ದು. ಕನ್ನಡದ ಪದ ಉದ್ದ. ‘ಹೋಗಬೇಕಾಗಿತ್ತಂತೆ’ ಒಂದೇ ಪದ, ಏಳು ಅಕ್ಷರ. ಸಣ್ಣ ಸಣ್ಣ ಪದಗಳ ಭಾಷೆಯ ಜೊತೆ ಪದ ಎಣಿಸಿ ಹೋಲಿಸಿದರೆ ನಮ್ಮ ಮಕ್ಕಳು ಯಾವಾಗಲೂ ಹಿಂದೆ. ಹೆದರಬೇಡಿ. ಅದೇ ಮಗು ಹೋದ ತಿಂಗಳು ಅದೇ ರೀತಿಯ ಪಾಠ ಎಷ್ಟು ಓದಿತ್ತು, ಈಗ ಎಷ್ಟು ಅಂತ ನೋಡಿ. ಓದಿದ ಮೇಲೆ “ಕಥೆಯಲ್ಲಿ ಎಂತ ಆಯಿತು?” ಅಂತ ಕೇಳಿ. ಅರ್ಥ ಆಗದೆ ರೈಲಿನ ಹಾಗೆ ಓದುವವರೂ ಇದ್ದಾರೆ.

ಬದಿಯಡ್ಕದ ಅಪ್ಪ · ಶನಿವಾರ ರಾತ್ರಿ 8:25

ನಾನು ಟೀಚರ್ ಅಲ್ಲ, ಅಡಿಕೆ ಬೆಳೆಯುವವನು. ಆದರೆ ಮಾತಾಡಲೇಬೇಕು.

ಒಂದು ಶಾಲೆಯಲ್ಲಿ ನನ್ನ ಮಗ ಓದುತ್ತಿದ್ದಾಗ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ದಿನ ಶೀಟಿನ ಫೋಟೋ ಬಂತು. ಎಲ್ಲ ಮಕ್ಕಳ ಹೆಸರು, ಓದಿನ ಗ್ರೇಡು, ಬಣ್ಣ ಬಣ್ಣ. ನನ್ನ ಮಗನ ಸಾಲು ಪೂರ್ತಿ ಕೆಂಪು. 40 ಮನೆಯವರು ನೋಡಿದರು. ಮಾರನೇ ದಿನ ಅವನು ಬಸ್ ಹತ್ತಲಿಲ್ಲ, ಹೊಟ್ಟೆನೋವು ಅಂದ. ಮೂರು ದಿನ ಹೊಟ್ಟೆನೋವು. ಆ ಟೀಚರ್ ಕೆಟ್ಟವರಲ್ಲ, ಸುಮ್ನೆ ಎಲ್ಲರಿಗೂ ತಿಳಿಯಲಿ ಅಂತ ಹಾಕಿದ್ದು.

ನೀವೆಲ್ಲ ಮಕ್ಕಳ ಓದನ್ನು ಮೊಬೈಲಿಗೆ ಕೇಳಿಸುವ ಮಾತಾಡುತ್ತಿದ್ದೀರಿ. ಹಾಗೆ ರೆಕಾರ್ಡ್ ಆದ ಸ್ವರ, ಅದು ಎಲ್ಲಿಗೆ ಹೋಗುತ್ತದೆ? ಯಾರು ಕೇಳುತ್ತಾರೆ?

ಗುಡ್ಡೆಶಾಲೆ ಟೀಚರ್ · ಶನಿವಾರ ರಾತ್ರಿ 10:40

ಅಣ್ಣ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಬಣ್ಣ ಬರುವ ಶೀಟು ಹಂಚಿದವಳು ನಾನೂ ಹೌದಲ್ಲ.

2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ಆಗದವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅನ್ನುವುದು ಅದರ ತಿರುಳು. ಶಾಲೆಗಳಿಗೆ ಯಾವುದರಲ್ಲಿ ವಿನಾಯಿತಿ ಎಂಬ ವಾದ ಹಾಗಿರಲಿ. ಕಾಯ್ದೆ ಇಲ್ಲದಿದ್ದರೂ ಹೊಟ್ಟೆನೋವು ಹೊಟ್ಟೆನೋವೇ.

ನಾನು ಈಗ ಮಾಡುತ್ತಿರುವುದು ಹೇಳುತ್ತೇನೆ. ಮಕ್ಕಳ ಓದು ರೆಕಾರ್ಡ್ ಮಾಡುವುದು ಟೀಚರ ಮೊಬೈಲಿನಲ್ಲಿ, ಕ್ಲಾಸ್ ಪಿಟಿಎಯಲ್ಲಿ ಹೆತ್ತವರಿಗೆ ಹೇಳಿ, ಒಪ್ಪಿದವರದ್ದು ಮಾತ್ರ. ಒಪ್ಪದವರ ಮಗು ಓದುವಾಗ ಟೀಚರ್ ಪಕ್ಕದಲ್ಲಿ ಕೂತು ಕೇಳುವುದು. ಯಾವ ಗ್ರೂಪಿಗೂ ಹಾಕುವುದಿಲ್ಲ, ನನಗೂ ಕಳಿಸುವುದಿಲ್ಲ. ಕೇಳಬೇಕಾದರೆ ನಾನೇ ಅವರ ಪಕ್ಕ ಕೂತು ಕೇಳುತ್ತೇನೆ. ಶುಕ್ರವಾರ ಸಂಜೆ ಎಲ್ಲ ಅಳಿಸುವುದು. ಶೀಟಿನಲ್ಲಿ ಹೆಸರು ಇಲ್ಲ, ನಂಬರು ಮಾತ್ರ. ಹೆತ್ತವರಿಗೆ ತೋರಿಸುವಾಗ ಅವರ ಮಗುವಿನ ಸಾಲು ಮಾತ್ರ, ಅದೂ ಬಾಯಿಮಾತಿನಲ್ಲಿ. “ಅರ್ಕಾವತ್ತು ಸ್ವಲ್ಪ ಕಷ್ಟ, ಮನೆಯಲ್ಲಿ ಕ್ಯಾಲೆಂಡರಿನ ಮಾರ್ಚ್, ಕಾರ್ತಿಕ ಓದಿಸಿ” ಅಂತ.

ಬದಿಯಡ್ಕದ ಅಪ್ಪ · ಶನಿವಾರ ರಾತ್ರಿ 10:52

ಅಷ್ಟಾದರೆ ಸರಿ. ಕ್ಯಾಲೆಂಡರ್ ಎಲ್ಲ ಮನೆಯಲ್ಲೂ ಉಂಟು.

ಜತ್ತ ಗುರುಜಿ · ಭಾನುವಾರ ಬೆಳಿಗ್ಗೆ 7:50

ಟೀಚರೇ, ಅಂದರೆ ಹೊಸ ಶೀಟು ಮಾಡಿದ್ದೀರಿ! ಎಷ್ಟು ಕಾಲಂ ಮೊದಲು ಹೇಳಿ. ಮತ್ತೆ ಆ ಟೀಚರ್ ಹೇಗೆ ಒಪ್ಪಿದರು?

ಗುಡ್ಡೆಶಾಲೆ ಟೀಚರ್ · ಭಾನುವಾರ ಬೆಳಿಗ್ಗೆ 11:30

ಐದು, ಗುರುಜಿ. ದೀರ್ಘ, ಒತ್ತು, ಅರ್ಕಾವತ್ತು, ಮಹಾಪ್ರಾಣ, ಕ್ರಿಯಾಪದದ ಬಾಲ. ನಿಮ್ಮಲ್ಲಿ ಆದರೆ ಎ-ಏ ಒಂದು ಕಾಲಂ ಬೇಕು, ತಾಳವಾಡಿಯಲ್ಲಿ ಕ-ಗ. ತಪ್ಪು ಕಂಡರೆ 1, ಇಲ್ಲದಿದ್ದರೆ ಖಾಲಿ. ಎ, ಬಿ, ಸಿ ಇಲ್ಲ. ಕೆಳಗೆ ಮೊತ್ತ ಬರುತ್ತದೆ. ಅಷ್ಟೇ.

ಆ ಟೀಚರ್ ಒಪ್ಪಿದ್ದು ನನ್ನ ಜಾಣತನದಿಂದ ಅಲ್ಲ, ನನ್ನ ಸೋಲಿನಿಂದ. ಹೇಳುತ್ತೇನೆ.

ಎರಡನೇ ಸಲ ಹೋದಾಗ ನಾನು ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂರಲಿಲ್ಲ. ಹಾಗೆ ಕೂತರೆ ನಾವು ಇನ್‌ಸ್ಪೆಕ್ಷನ್‌ಗೆ ಬಂದ ಹಾಗೆಯೇ. ಇವತ್ತು ಪಾಠ ನಾನು ಮಾಡುತ್ತೇನೆ, ನೀವು ನೋಡಿ ಅಂದೆ. ಅರ್ಕಾವತ್ತಿನ ಪಾಠ. ಒಂದು ಅನಿಮೇಷನ್ ಮಾಡಿಕೊಂಡು ಹೋಗಿದ್ದೆ, ರಕಾರ ಹಾರಿ ಹಿಂದೆ ಹೋಗಿ ಕೂರುವುದು. ಪ್ರೊಜೆಕ್ಟರಿಗೆ ಚುಚ್ಚಿದರೆ ಅಕ್ಷರದ ಬದಲು ಗೊಚಗೊಚ ಗುರುತುಗಳು. ನಾನು ಮನೆಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೆ, ಶಾಲೆಯ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ. ಬೇರೆಯವರಿಗೆ “ಯೂನಿಕೋಡಿನಲ್ಲೇ ಬರೆಯಿರಿ” ಅಂತ ಪಾಠ ಹೇಳುವವಳು ನಾನು! 24 ಮಕ್ಕಳು ಬಾಯಿ ತೆರೆದು ನೋಡುತ್ತಿದ್ದಾರೆ. ಟೀಚರ್ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಾರೆ.

ಆಮೇಲೆ ಅವರೇ ಎದ್ದು ಬಂದರು. ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಒಬ್ಬನ ಎದೆಗೆ ವ, ಒಬ್ಬನಿಗೆ ರ್, ಒಬ್ಬಳಿಗೆ ಷ, ಹಳೆಯ ಕ್ಯಾಲೆಂಡರಿನ ಹಿಂದೆ ಬರೆದದ್ದು. “ಹೇಳುವಾಗ ಹೀಗೆ ನಿಲ್ಲುತ್ತಾರೆ. ಬರೆಯುವಾಗ ರ್‌ಗೆ ನಾಚಿಕೆ, ಷಳ ಹಿಂದೆ ಹೋಗಿ ಅಡಗುತ್ತಾನೆ.” ರ್ ಆದ ಹುಡುಗ ಓಡಿ ಹೋಗಿ ಷಳ ಬೆನ್ನ ಹಿಂದೆ ಅಡಗಿದ. ಇಡೀ ಕ್ಲಾಸಿಗೆ ಅದೇ ಆಟ. ನಾನು ಬದಿಯಲ್ಲಿ ನಿಂತು ಮೊಬೈಲಿನಲ್ಲಿ ಅದನ್ನು ವಿಡಿಯೋ ಮಾಡಿದೆ.

ಬೆಲ್ ಆದ ಮೇಲೆ ಇಬ್ಬರೂ ಕೂತು ಆ ವಿಡಿಯೋ ನೋಡಿದೆವು. ಅವರು ತನ್ನ ಪಾಠವನ್ನು ತಾನೇ ನೋಡಿದ್ದು ಅದೇ ಮೊದಲು. ನಾನು ಏನೂ ಹೇಳಲಿಲ್ಲ. ಒಂದು ಕಡೆ ಅವರೇ ನಿಲ್ಲಿಸಿ, “ಈ ಕಿಟಿಕಿ ಬದಿಯವರನ್ನು ನಾನು ಒಂದು ಸಲವೂ ಕರೆಯಲಿಲ್ಲ ಅಲ್ವಾ” ಅಂದರು. ಆ ಮಾತು ನಾನು ಹೇಳಿದ್ದರೆ ಟೀಕೆ ಆಗುತ್ತಿತ್ತು.

ಅಲ್ಲಿಂದ ಶೀಟಿನ ಮಾತು ಸುಲಭ ಆಯಿತು. ದಿನಕ್ಕೆ ನಾಲ್ಕು ಮಕ್ಕಳು, ಒಬ್ಬೊಬ್ಬರದ್ದು ಒಂದು ನಿಮಿಷದ ಓದು. ಆರು ದಿನಕ್ಕೆ ಕ್ಲಾಸು ಮುಗಿಯುತ್ತದೆ. ಮೊದಲ ಸುತ್ತಿನಲ್ಲಿ ಅರ್ಕಾವತ್ತಿನ ಕೆಳಗೆ 17 ಬಂತು. ಒತ್ತಿನ ಕೆಳಗೆ 6. ಅವರು ಮುಂದಿನ ವಾರಕ್ಕೆ ಒತ್ತಕ್ಷರದ ಪಾಠ ಇಟ್ಟುಕೊಂಡಿದ್ದರು, ಎಲ್ಲರಿಗೂ. ಅದನ್ನು ಆರು ಮಕ್ಕಳಿಗೆ ಮಾತ್ರ ಇಟ್ಟು, ಎಲ್ಲರಿಗೂ ಅರ್ಕಾವತ್ತು ತೆಗೆದುಕೊಂಡರು. ನನಗೆ ಬೇಕಾದದ್ದು ಅದೊಂದೇ. ಲೆಕ್ಕ ನೋಡಿ ನಾಳೆಯ ಪಾಠ ಬದಲಾಯಿತು.

ಕುಂಬಳೆ ಲಿನಕ್ಸ್ · ಭಾನುವಾರ ಮಧ್ಯಾಹ್ನ 12:10

ಫಾಂಟಿನ ಕಥೆಗೆ ನನ್ನ ಸಂತಾಪ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರ್ ಉಂಟು, ಹಳೆಯ ಫೈಲುಗಳನ್ನು ಒಂದು ದಿನ ಕೂತು ಬದಲಿಸಿಬಿಡಿ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಂದು ಸಲ ಕಣ್ಣಿನಿಂದ ನೋಡಿ, ಅದರಲ್ಲಿಯೇ ಎಡವಟ್ಟಾಗುವುದು.

ಒಂದು ಗಂಭೀರ ಮಾತು. 2018ರಲ್ಲಿ 60 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಸಂಶೋಧನೆ ಬಂದಿತ್ತು, ಟೀಚರ್‌ಗಳಿಗೆ ಹೀಗೆ ಜೊತೆಗೆ ನಿಂತು ಕಲಿಸುವ ಬಗ್ಗೆ. ಟೀಚರ್ ಪಾಠ ಮಾಡುವ ರೀತಿ ಚೆನ್ನಾಗಿ ಸುಧಾರಿಸುತ್ತದೆ. ಮಕ್ಕಳ ಕಲಿಕೆಯೂ ಸುಧಾರಿಸುತ್ತದೆ, ಆದರೆ ಅದಕ್ಕಿಂತ ಕಡಿಮೆ. ಇನ್ನೊಂದು, ಕಾರ್ಯಕ್ರಮ ದೊಡ್ಡದಾದಷ್ಟೂ ಫಲ ಕಡಿಮೆ. ನಮ್ಮಲ್ಲಿ ಒಂದು ಶಾಲೆಯಲ್ಲಿ ಚೆನ್ನಾಗಿ ನಡೆದರೆ ಮರುವರ್ಷ ಇಡೀ ಉಪಜಿಲ್ಲೆಗೆ ಆರ್ಡರ್ ಮಾಡುತ್ತಾರೆ. ಆಗ ಅದು ಮತ್ತೆ ಪ್ರೊಜೆಕ್ಟರು, ಚಾ, ಪಳಂಪೊರಿ.

ಚಂದ್ರಗಿರಿ ಆಚೆ · ಭಾನುವಾರ ಮಧ್ಯಾಹ್ನ 12:45

ಟೀಚರೇ, ಒಂದು ಕೇಳಬೇಕು. ನೀವು ಕಂಡದ್ದನ್ನು ಮೇಲಿನವರಿಗೆ ವರದಿ ಮಾಡುತ್ತೀರಾ? ಅರ್ಕಾವತ್ತಿಗೆ 17 ಅಂತ ನನ್ನ ಕ್ಲಾಸಿನ ಲೆಕ್ಕ ಆಫೀಸಿಗೆ ಹೋಗುವುದಾದರೆ ಮುಂದಿನ ಸಲ ನನ್ನ ಕ್ಲಾಸಿನಲ್ಲೂ 2 ಬರುತ್ತದೆ. ಅದರಲ್ಲೂ ನನ್ನಂಥವರು. ಕನ್ನಡ ಮನೆಮಾತಲ್ಲದ ಟೀಚರ್ ಅಂತ ಹೇಗೂ ಒಂದು ಕಣ್ಣು ನಮ್ಮ ಮೇಲೆ ಇರುತ್ತದೆ.

ಗುಡ್ಡೆಶಾಲೆ ಟೀಚರ್ · ಭಾನುವಾರ ಮಧ್ಯಾಹ್ನ 1:20

ಇಲ್ಲ. ಹೋದ ದಿನ, ಕೂತ ಹೊತ್ತು, ಮಾತಾಡಿದ ವಿಷಯ, ಇಷ್ಟು ಮಾತ್ರ ಬರೆಯುತ್ತೇನೆ. ಮಕ್ಕಳ ಲೆಕ್ಕ ಟೀಚರದ್ದು. ಎಸ್ಆರ್‌ಜಿಯಲ್ಲಿ (ಶಾಲೆಯ ಟೀಚರ್‌ಗಳ ಸಭೆಯಲ್ಲಿ) ತೋರಿಸಬೇಕೋ ಬೇಡವೋ ಅವರೇ ತೀರ್ಮಾನಿಸಲಿ. ಇದಕ್ಕೆ ನನಗೆ ಒಂದು ಸಲ ಬೈಗಳೂ ಸಿಕ್ಕಿದೆ, ಇರಲಿ.

ಮತ್ತೆ ನಿಮ್ಮ ಬಗ್ಗೆ. ಕನ್ನಡ ಬಾರದವರನ್ನು ಕನ್ನಡ ಕ್ಲಾಸಿಗೆ ಹಾಕಿದರೆ ನಾನೂ ಜಗಳ ಮಾಡುವವಳೇ. ಆದರೆ ನಿಮ್ಮ ಹಾಗೆ ಕನ್ನಡವನ್ನು ಕಷ್ಟಪಟ್ಟು ಕಲಿತವರು ಬೇರೆ. ‘ಅವಳು ಬಂದ’ ಯಾಕೆ ಬರುತ್ತದೆ ಅಂತ ನನಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ.

ಕೆಂಪು ಶಾಯಿ · ಭಾನುವಾರ ಸಂಜೆ 5:05

ನನ್ನ ಹಳೆಯ ಪೆಟ್ಟಿಗೆಯಲ್ಲಿ ಮಕ್ಕಳ ಕೆಲವು ಕಾಪಿ ಪುಸ್ತಕ ಉಳಿದಿವೆ. ಮಧ್ಯಾಹ್ನ ತೆಗೆದು ನೋಡಿದೆ. ಒಬ್ಬನ ಪುಸ್ತಕದಲ್ಲಿ ನಾನು ‘ಬಾರತ’ವನ್ನು ಜೂನ್‌ನಿಂದ ಫೆಬ್ರವರಿವರೆಗೆ 31 ಸಲ ತಿದ್ದಿದ್ದೇನೆ. 31 ಸಲವೂ ಅದೇ ಕೆಂಪು ಗೆರೆ. ಅವನಿಗೆ ಬಾಯಿಯ ಮುಂದೆ ಕೈ ಹಿಡಿಸಿ ‘ಭ’ ಹೇಳಿಸಿ ಉಸಿರು ತಾಗುವುದನ್ನು ತೋರಿಸಿದ್ದರೆ ಆಗುತ್ತಿತ್ತೋ ಏನೋ. ಈಗ ಅವನು ಮಂಗಳೂರಿನಲ್ಲಿ ಲಾರಿ ಓಡಿಸುತ್ತಾನೆ, ಸಿಕ್ಕಿದಾಗ ಚಾ ಕುಡಿಸುತ್ತಾನೆ.

ಗುಡ್ಡೆಶಾಲೆ ಟೀಚರ್ · ಐದು ವಾರದ ನಂತರ, ಸೋಮವಾರ ರಾತ್ರಿ 9:00

ಕೆಲವರು ಖಾಸಗಿಯಾಗಿ ಕೇಳಿದ್ದಕ್ಕೆ ಇಲ್ಲಿಯೇ ಬರೆಯುತ್ತೇನೆ. ಮೂರನೇ ಸುತ್ತಿನ ಓದು ಮುಗಿಯಿತು. ಅರ್ಕಾವತ್ತು 17 ಇದ್ದದ್ದು 5 ಆಗಿದೆ. ಆ ಎರಡನೇ ಬೆಂಚಿನವಳು ಈಗ ‘ವರ್ಷ’ ಸರಿಯಾಗಿ ಓದುತ್ತಾಳೆ. ಆದರೆ ‘ವಿಷಯ’ವನ್ನು ಒಂದು ಸಲ ‘ವಿರ್ಷಯ’ ಅಂತ ಓದಿದಳಂತೆ, ಎಲ್ಲಿ ಷ ಕಂಡರೂ ರ್ ಅಡಗಿದ್ದಾನೆ ಅಂತ ಹುಡುಕುತ್ತಾಳೆ. ಮಹಾಪ್ರಾಣದ ಕಾಲಂ ಅಲ್ಲಾಡಿಯೇ ಇಲ್ಲ, 13 ಇದ್ದದ್ದು 13. ಕೆಂಪು ಶಾಯಿ ಮಾಷ್ಟ್ರ ಉಸಿರಿನ ಉಪಾಯ ಮುಂದಿನ ವಾರ.

ಇವತ್ತು ಆ ಟೀಚರ್ ಫೋನ್ ಮಾಡಿದರು. “ಬುಧವಾರ ನೀವು ಬರಬೇಡಿ ಟೀಚರೇ. ಬುಧವಾರ ನಮ್ಮ ಓದಿನ ದಿನ. ನೀವು ಬಂದರೆ ಮಕ್ಕಳು ಪುಸ್ತಕ ಬಿಟ್ಟು ನಿಮ್ಮನ್ನೇ ನೋಡುತ್ತಾರೆ.”

ಹೊಸ ಟೀಚರ್ · ಸೋಮವಾರ ರಾತ್ರಿ 9:14

ಹಾಗಾದರೆ ಬುಧವಾರ ನಿಮಗೆ ಪುರುಸೊತ್ತು ಉಂಟಲ್ಲ. ನನ್ನ ಕ್ಲಾಸಿಗೆ ಬನ್ನಿ ಟೀಚರೇ. ಪ್ರೊಜೆಕ್ಟರ್ ಹಾಳಾಗಿದೆ, ಕ್ಯಾಲೆಂಡರ್ ಉಂಟು.

ಗುಡ್ಡೆಶಾಲೆ ಟೀಚರ್ · ಸೋಮವಾರ ರಾತ್ರಿ 9:16

ನಿಮ್ಮ ಕಡೆಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಗಂಟೆಗೆ?